ಹೊರಡುವುದಿಲ್ಲ ಎಂದ ಅಧಿಕಾರಿಗೆ ಯಾವ ನ್ಯಾಯ?

(ಶಿವಮೊಗ್ಗದಲ್ಲಿ ಕಾನೂನು ವಿದ್ಯಾರ್ಥಿಗಳು ಮತ್ತು ಮಾಜಿ ಸೈನಿಕರು ಸೇರಿದ್ದ ಒಂದು ಸಭೆಯಲ್ಲಿ ಆಡಿದ ಮಾತುಗಳಿವು. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮಳೆ ಜೋರಾಗಿದೆ. ಮೇಲಿನ ಶೀಟಿನ ಸದ್ದಿನಲ್ಲಿ ನನ್ನ ಮಾತು ಕೇಳಿಸದಿದ್ದರೆ ಹಿಂದಿನ ಸಾಲಿನವರು ಕೈ ಎತ್ತಿ, ಸುಮ್ನೆ ತಲೆ ಆಡಿಸಬೇಡಿ.

ಇವತ್ತಿನ ವಿಷಯ ಇದು. ಒಬ್ಬ ಸೇನಾಧಿಕಾರಿ. ಅವನ ತುಕಡಿಗೆ ಯುದ್ಧಭೂಮಿಗೆ ಹೊರಡುವ ಆಜ್ಞೆ ಬಂದಿದೆ. ಸೈನಿಕರೆಲ್ಲ ಗಂಟುಮೂಟೆ ಕಟ್ಟಿದ್ದಾರೆ. ಇವನು ಮಾತ್ರ 'ನಾನು ಹೋಗುವುದಿಲ್ಲ' ಎನ್ನುತ್ತಾನೆ. ಹೆದರಿಕೆಯಿಂದಲ್ಲ, ಮನೆಯಲ್ಲಿ ತೊಂದರೆ ಇದೆ ಅಂತಲೂ ಅಲ್ಲ. ಈ ಆಜ್ಞೆಯೇ ತಪ್ಪು ಎಂಬುದು ಅವನ ವಾದ. ಅವನನ್ನು ಏನು ಮಾಡಬೇಕು? ವಿಚಾರಣೆ ಯಾರು ಮಾಡಬೇಕು? ಆ ವಿಚಾರಣೆಯಲ್ಲಿ ಅವನ ವಾದವನ್ನು ಕೇಳಬೇಕಾ, ಬೇಡವಾ?

ನಮ್ಮ ಜಿಲ್ಲೆಯವರಿಗೆ ಈ ವಿಷಯದಲ್ಲಿ ಒಂದು ಪಕ್ಷಪಾತ ಇದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆಜ್ಞೆ ಮೀರಿದವರನ್ನು ನಾವು ತಲೆ ಮೇಲೆ ಹೊತ್ತುಕೊಂಡು ಬಂದವರು. 1942ರಲ್ಲಿ ಈಸೂರಿನವರು ಸರ್ಕಾರದ ಮಾತು ಕೇಳಲ್ಲ ಎಂದರು, ಮಾರನೇ ವರ್ಷ ಐವರು ನೇಣಿಗೇರಿದರು. 1951ರಲ್ಲಿ ಕಾಗೋಡಿನ ಗೇಣಿದಾರರು ಗದ್ದೆಗಿಳಿದು ಸಾಲುಸಾಲಾಗಿ ಜೈಲಿಗೆ ಹೋದರು. ಹಾಗಾಗಿ 'ಆಗಲ್ಲ' ಎಂದವನ ಕಡೆಗೆ ನಮ್ಮ ಮನಸ್ಸು ತಾನಾಗಿಯೇ ವಾಲುತ್ತದೆ. ಇವತ್ತು ಸ್ವಲ್ಪ ಹೊತ್ತು ಅದನ್ನು ಬದಿಗಿಡಿ. ಕಾಗೋಡಿನ ರೈತ ಒಡೆಯನ ಮಾತು ಕೇಳುತ್ತೇನೆ ಎಂದು ಯಾರ ಮುಂದೆಯೂ ಪ್ರಮಾಣ ಮಾಡಿರಲಿಲ್ಲ. ಅಧಿಕಾರಿ ಮಾಡಿರುತ್ತಾನೆ. ತಾನಾಗಿ ಹೋಗಿ ಸೇರಿರುತ್ತಾನೆ, ಸಂಬಳ ಪಡೆದಿರುತ್ತಾನೆ. ಅದಕ್ಕಿಂತ ಮುಖ್ಯವಾಗಿ, ಅವನ ಮಾತು ಕೇಳಿ ಸಾಯಲು ಸಿದ್ಧರಿರುವ ಮೂವತ್ತು ನಲವತ್ತು ಹುಡುಗರು ಅವನ ಹಿಂದೆ ನಿಂತಿರುತ್ತಾರೆ.

ಈಗ ಅಮೆರಿಕಕ್ಕೆ ಹೋಗೋಣ. ಈ ವಿಷಯದಲ್ಲಿ ತೆರೆದ ದಾಖಲೆ ಜಾಸ್ತಿ ಸಿಗುವುದು ಅಲ್ಲಿ.

ಎಹ್ರೆನ್ ವಟಾಡ ಹವಾಯಿಯ ಹುಡುಗ. 2003ರಲ್ಲಿ ಕಾಲೇಜು ಮುಗಿಸಿ ಸೇನೆ ಸೇರಿದ. ದಕ್ಷಿಣ ಕೊರಿಯಾದಲ್ಲಿ ಕೆಲಸ ಮಾಡಿ, ಆಮೇಲೆ ವಾಷಿಂಗ್ಟನ್ ರಾಜ್ಯದ ಫೋರ್ಟ್ ಲೂಯಿಸ್‌ಗೆ ಬಂದ. ಹುದ್ದೆ ಫಸ್ಟ್ ಲೆಫ್ಟಿನೆಂಟ್. ಇರಾಕಿಗೆ ಹೋಗುವ ಮುಂಚೆ ಆ ಯುದ್ಧದ ಬಗ್ಗೆ ಓದಲು ಕೂತ. ಓದುತ್ತಾ ಹೋದ ಹಾಗೆ ಈ ಯುದ್ಧ ಸುಳ್ಳಿನ ಮೇಲೆ ನಿಂತಿದೆ, ಕಾನೂನಿಗೆ ವಿರುದ್ಧ ಎಂಬ ತೀರ್ಮಾನಕ್ಕೆ ಬಂದ. ಗಮನಿಸಿ, ಅವನು ಯುದ್ಧವೇ ಬೇಡ ಎನ್ನುವವನಲ್ಲ. 'ಅಫ್ಘಾನಿಸ್ತಾನಕ್ಕೆ ಕಳಿಸಿ, ಹೋಗುತ್ತೇನೆ' ಎಂದ. ಸೇನೆ ಒಪ್ಪಲಿಲ್ಲ. ಯಾವ ಯುದ್ಧಕ್ಕೆ ಹೋಗಬೇಕು ಎಂದು ಆರಿಸುವ ಹಕ್ಕು ಲೆಫ್ಟಿನೆಂಟ್‌ಗೆ ಇಲ್ಲ. 2006ರ ಜೂನ್ 22ರಂದು ಅವನ ಬ್ರಿಗೇಡ್ ಹೊರಟಿತು, ಅವನು ಹಿಂದೆ ಉಳಿದ.

ಆರೋಪ ಒಟ್ಟು ಐದು, ಆದರೆ ಎರಡು ಬಗೆಯವು. ತುಕಡಿ ಹೊರಟಾಗ ಜೊತೆಗೆ ಹೊರಡದೆ ಉಳಿದದ್ದು ಒಂದು. ಅಧಿಕಾರಿಗೆ ತಕ್ಕುದಲ್ಲದ ನಡತೆ ಇನ್ನೊಂದು. ಯುದ್ಧದ ಬಗ್ಗೆ, ಅಧ್ಯಕ್ಷ ಬುಷ್ ಬಗ್ಗೆ ಬಹಿರಂಗವಾಗಿ ಆಡಿದ ಮಾತುಗಳಿಗಾಗಿ ಎರಡನೆಯದು. ಮಾತಾಡಿದ್ದನ್ನು ಸಾಬೀತು ಮಾಡಲು ಸಂದರ್ಶನ ಮಾಡಿದ ಪತ್ರಕರ್ತರಿಗೇ ಸಮನ್ಸ್ ಹೋಯಿತು. ಪತ್ರಕರ್ತರು ಗಲಾಟೆ ಎಬ್ಬಿಸಿದರು. ಕೊನೆಗೆ ಎರಡೂ ಕಡೆಯವರು ಕೂತು ಒಂದು ಒಪ್ಪಂದಕ್ಕೆ ಬಂದರು. 'ಹೌದು, ನಾನು ಹೊರಡಲಿಲ್ಲ, ಹೌದು, ಆ ಮಾತು ಆಡಿದ್ದೇನೆ' ಎಂದು ವಟಾಡ ಒಂದು ಕಾಗದಕ್ಕೆ ಸಹಿ ಹಾಕಿದ. ಅದಕ್ಕೆ ಬದಲಾಗಿ ಸೇನೆ ಎರಡು ಆರೋಪ ಕೈಬಿಟ್ಟಿತು. ಆರು ವರ್ಷದ ಜೈಲಿನ ಭಯ ನಾಲ್ಕಕ್ಕೆ ಇಳಿಯಿತು.

2007ರ ಫೆಬ್ರವರಿಯಲ್ಲಿ ಕೋರ್ಟ್ ಮಾರ್ಷಲ್, ಅಂದರೆ ಸೇನೆಯೊಳಗಿನ ವಿಚಾರಣೆ, ಶುರುವಾಯಿತು. ನ್ಯಾಯಾಧೀಶ ಲೆಫ್ಟಿನೆಂಟ್ ಕರ್ನಲ್ ಜಾನ್ ಹೆಡ್. ಯುದ್ಧ ಕಾನೂನುಬದ್ಧವೋ ಅಲ್ಲವೋ ಎಂಬ ಮಾತು ಈ ಕೋಣೆಯೊಳಗೆ ಬರಕೂಡದು ಎಂದು ಅವರು ಮೊದಲೇ ಹೇಳಿಬಿಟ್ಟಿದ್ದರು. ಅದು ರಾಜಕೀಯದ ಪ್ರಶ್ನೆ, ಕೋರ್ಟ್ ಮಾರ್ಷಲ್‌ನ ಪ್ರಶ್ನೆ ಅಲ್ಲ ಎಂದರು. ವಟಾಡನ ಇಡೀ ವಾದ ನಿಂತಿದ್ದೇ ಅದರ ಮೇಲೆ. ಹಾಗಾದರೆ ಇನ್ನೇನು ಉಳಿಯಿತು? ಹೊರಡಲಿಲ್ಲ ಎಂದು ಅವನೇ ಬರೆದುಕೊಟ್ಟಿದ್ದಾನೆ. ಎರಡು ದಿನದಲ್ಲಿ ಶಿಕ್ಷೆ ಆಗುತ್ತದೆ ಎಂದು ಎಲ್ಲರೂ ಅಂದುಕೊಂಡಿದ್ದರು.

ಕೇಸು ಉರುಳಿದ್ದು ಮೂರನೇ ದಿನ, ಅದೇ ಕಾಗದದ ಮೇಲೆ. ಹೆಡ್ ಆ ಕಾಗದವನ್ನು ಮತ್ತೆ ನೋಡಿದರು. ಇದು ಬರೀ ಸಂಗತಿಗಳನ್ನು ಒಪ್ಪಿಕೊಂಡ ಕಾಗದ ಅಲ್ಲ, ಹೆಚ್ಚುಕಡಿಮೆ ತಪ್ಪೊಪ್ಪಿಗೆಯೇ ಎಂದು ಅವರಿಗೆ ಅನ್ನಿಸಿತು. ವಟಾಡನನ್ನೇ ನೇರವಾಗಿ ಕೇಳಿದರು. ವಟಾಡ ಹೇಳಿದ್ದು: ಹೊರಡಲಿಲ್ಲ ಎಂಬುದನ್ನು ಒಪ್ಪುತ್ತೇನೆ, ಅದು ಅಪರಾಧ ಎಂಬುದನ್ನು ಒಪ್ಪಿಲ್ಲ. ಹಾಗಾದರೆ ಈ ಕಾಗದವನ್ನು ನೀವಿಬ್ಬರೂ ಬೇರೆಬೇರೆ ರೀತಿ ಅರ್ಥ ಮಾಡಿಕೊಂಡಿದ್ದೀರಿ, ಇದು ನಡೆಯುವುದಿಲ್ಲ ಎಂದರು ನ್ಯಾಯಾಧೀಶರು. ವಿಚಾರಣೆಯನ್ನು ಅಲ್ಲಿಗೇ ರದ್ದು ಮಾಡಿದರು. ವಟಾಡನ ವಕೀಲರು 'ಬೇಡ, ಮುಂದುವರಿಸಿ' ಎಂದು ಆಕ್ಷೇಪಿಸಿದ್ದರು. ಆ ಆಕ್ಷೇಪಣೆಯೇ ಮುಂದೆ ಅವನನ್ನು ಉಳಿಸಿತು.

ಕಾನೂನು ಓದುವ ಮಕ್ಕಳು ಇಲ್ಲಿ ಸ್ವಲ್ಪ ಕಿವಿಗೊಡಿ. ಒಂದೇ ಅಪರಾಧಕ್ಕೆ ಒಬ್ಬನನ್ನು ಎರಡು ಸಲ ವಿಚಾರಣೆ ಮಾಡುವಂತಿಲ್ಲ. ಆರೋಪಿ ಬೇಡ ಎಂದರೂ, ಅನಿವಾರ್ಯ ಕಾರಣ ಇಲ್ಲದೆ ನ್ಯಾಯಾಧೀಶರು ನಡುವೆಯೇ ವಿಚಾರಣೆ ನಿಲ್ಲಿಸಿಬಿಟ್ಟರೆ, ಮತ್ತೆ ಶುರು ಮಾಡುವುದು ಎರಡನೇ ವಿಚಾರಣೆಯೇ ಆಗುತ್ತದೆ. ಸೇನೆ ಮತ್ತೆ ಶುರು ಮಾಡಲು ಹೊರಟಿತು. ವಟಾಡ ಸೇನೆಯ ಹೊರಗಿನ ಫೆಡರಲ್ ಕೋರ್ಟಿಗೆ ಹೋದ. ಅಲ್ಲಿ ನ್ಯಾಯಾಧೀಶ ಬೆಂಜಮಿನ್ ಸೆಟಲ್ 2007ರಲ್ಲಿ ತಡೆ ಕೊಟ್ಟರು. 2008ರಲ್ಲಿ, ಐದರಲ್ಲಿ ಮೂರು ಆರೋಪಗಳಿಗೆ ಮತ್ತೆ ವಿಚಾರಣೆ ಮಾಡುವಂತಿಲ್ಲ ಎಂದು ತೀರ್ಪು ಕೊಟ್ಟರು. ಹೊರಡಲಿಲ್ಲ ಎಂಬ ಮುಖ್ಯ ಆರೋಪವೂ ಅದರಲ್ಲಿ ಸೇರಿತ್ತು. 2009ರಲ್ಲಿ ಸರ್ಕಾರ ಮೇಲ್ಮನವಿ ಕೈಬಿಟ್ಟಿತು. ಅದೇ ಅಕ್ಟೋಬರ್‌ನಲ್ಲಿ ವಟಾಡ ಸೇನೆಯಿಂದ ಹೊರಬಂದ. ಗೌರವದ ಬಿಡುಗಡೆಯಲ್ಲ, ಜೈಲೂ ಇಲ್ಲ.

ಮೂರೂವರೆ ವರ್ಷ ದೇಶವಿಡೀ ಮಾತಾಡಿದ ಕೇಸು ಇದು. ಒಂದು ಕಡೆ ಅವನು ವೀರ, ಇನ್ನೊಂದು ಕಡೆ ದ್ರೋಹಿ. ಇರಾಕ್ ಯುದ್ಧ ಸರಿಯೋ ತಪ್ಪೋ ಎಂದು ಯಾವ ಕೋರ್ಟೂ ಒಂದು ಸಾಲು ಹೇಳಲಿಲ್ಲ. ಅವನು ಗೆದ್ದದ್ದು ಅವನ ಆತ್ಮಸಾಕ್ಷಿಯ ಬಲದಿಂದ ಅಲ್ಲ, ನಿಯಮದ ಬಲದಿಂದ. ನನಗೆ ಇದರಲ್ಲಿ ಬೇಜಾರಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಇನ್ನಿಬ್ಬರನ್ನು ಬೇಗ ನೋಡಿಬಿಡೋಣ. ಬ್ರಿಟನ್ನಿನ ವಾಯುಸೇನೆಯ ವೈದ್ಯ, ಫ್ಲೈಟ್ ಲೆಫ್ಟಿನೆಂಟ್ ಮಾಲ್ಕಮ್ ಕೆಂಡಲ್-ಸ್ಮಿತ್. 2005ರಲ್ಲಿ ಬಸ್ರಾಕ್ಕೆ ಹೋಗಲು ಒಪ್ಪಲಿಲ್ಲ. ವಾದ ವಟಾಡನದೇ. 2006ರ ಏಪ್ರಿಲ್‌ನಲ್ಲಿ ಎಂಟು ತಿಂಗಳ ಜೈಲು, ಸೇವೆಯಿಂದ ವಜಾ. 2003ರಲ್ಲಿ ಯುದ್ಧ ಹೇಗೆ ಶುರುವಾಯಿತು ಎಂಬುದು ಈಗ ಬೇಡ, 2005ರಲ್ಲಿ ವಿಶ್ವಸಂಸ್ಥೆಯ ನಿರ್ಣಯಗಳ ಆಧಾರ ಇತ್ತು ಎಂದಿತು ಕೋರ್ಟು.

ಮತ್ತೊಬ್ಬ ಅಮೆರಿಕದ ಸೇನಾವೈದ್ಯ, ಲೆಫ್ಟಿನೆಂಟ್ ಕರ್ನಲ್ ಟೆರೆನ್ಸ್ ಲೇಕಿನ್. 2010ರಲ್ಲಿ ಅಫ್ಘಾನಿಸ್ತಾನಕ್ಕೆ ಹೊರಡಲು ನಿರಾಕರಿಸಿದ. ಕಾರಣ ಕೇಳಿ. ಅಧ್ಯಕ್ಷ ಒಬಾಮಾ ಅಮೆರಿಕದಲ್ಲಿ ಹುಟ್ಟಿದ್ದಕ್ಕೆ ಪುರಾವೆ ತೋರಿಸಿಲ್ಲ, ಹಾಗಾಗಿ ಅವರ ಆಜ್ಞೆ ಆಜ್ಞೆಯೇ ಅಲ್ಲ! ನೀವು ನಗುತ್ತಿದ್ದೀರಿ. ಆದರೆ ವಟಾಡನ ಪರ ಚಪ್ಪಾಳೆ ತಟ್ಟುವವರು ಇವನನ್ನು ನೋಡಿ ಒಂದು ಗಳಿಗೆ ನಿಲ್ಲಬೇಕು. ಇಬ್ಬರ ನಂಬಿಕೆಯೂ ಪ್ರಾಮಾಣಿಕ. ಇಬ್ಬರೂ ಆಜ್ಞೆ ಕಾನೂನುಬಾಹಿರ ಎಂದವರೇ. ಒಬ್ಬನ ಕಾರಣವನ್ನು ಕೇಳುವ ಬಾಗಿಲು ತೆರೆದರೆ ಇನ್ನೊಬ್ಬನೂ ಅದೇ ಬಾಗಿಲಲ್ಲಿ ಒಳಗೆ ಬರುತ್ತಾನೆ. ನ್ಯಾಯಾಧೀಶೆ ಡೆನಿಸ್ ಲಿಂಡ್ ಆ ಬಾಗಿಲು ತೆರೆಯಲಿಲ್ಲ. ಅಧ್ಯಕ್ಷರು ಎಲ್ಲಿ ಹುಟ್ಟಿದರು ಎಂಬುದಕ್ಕೂ ಒಬ್ಬ ಕರ್ನಲ್ ವಿಮಾನ ಹತ್ತಬೇಕಾದ್ದಕ್ಕೂ ಸಂಬಂಧ ಇಲ್ಲ ಎಂದರು. ಆರು ತಿಂಗಳ ಜೈಲು, ವಜಾ. ಅಲ್ಲಿ ಇಪ್ಪತ್ತು ವರ್ಷ ಸೇವೆ ತುಂಬಿದರೆ ಪಿಂಚಣಿ. ಅದಕ್ಕೆ ಹತ್ತಿರ ಬಂದಿದ್ದ ಮನುಷ್ಯ ಎಲ್ಲ ಕಳೆದುಕೊಂಡ.

ಕೋರ್ಟ್ ಮಾರ್ಷಲ್ ಕೇಳುವುದು ಮೂರೇ ಪ್ರಶ್ನೆ. ಆಜ್ಞೆ ಬಂದಿತ್ತಾ? ಮೇಲುನೋಟಕ್ಕೆ ಅದು ಕಾನೂನಿನ ಒಳಗಿತ್ತಾ? ನೀನು ಪಾಲಿಸಿದೆಯಾ? ಮಂಡಿಯ ತಕ್ಕಡಿ ಅಡಿಕೆ ಮೂಟೆಯ ತೂಕ ಹೇಳುತ್ತದೆ, ತೋಟಕ್ಕೆ ಕೊಳೆ ಬಂದಿತ್ತಾ ಎಂದು ವಿಚಾರಿಸುವುದಿಲ್ಲ. ಹಾಗೇ ಇದು. 'ನಿರಾಯುಧ ಮಗುವಿಗೆ ಗುಂಡು ಹಾರಿಸು' ಎಂದರೆ ಅದು ಮೇಲುನೋಟಕ್ಕೇ ಅಪರಾಧ, ಪಾಲಿಸಬಾರದು. 'ಸೋಮವಾರ ಬೆಳಿಗ್ಗೆ ವಿಮಾನ ಹತ್ತು' ಎಂಬುದು ಹಾಗಲ್ಲ. ಹತ್ತಿದ ಮೇಲೆ ಅಲ್ಲಿ ಏನಾಗುತ್ತದೆ ಎಂಬುದನ್ನು ಈ ಆಜ್ಞೆಯೊಳಗೆ ಓದಲು ಕೋರ್ಟು ಒಪ್ಪುವುದಿಲ್ಲ. ಯುದ್ಧವನ್ನೇ ಒಪ್ಪದವರಿಗೆ ಅಮೆರಿಕದಲ್ಲಿ ಒಂದು ಬೇರೆ ದಾರಿ ಇದೆ. ಆದರೆ ಎಲ್ಲ ಯುದ್ಧವೂ ತಪ್ಪು ಎನ್ನಬೇಕು, 'ಈ ಯುದ್ಧ ಮಾತ್ರ ಬೇಡ' ಎಂದರೆ ನಡೆಯದು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1971ರಲ್ಲೇ ಹೇಳಿದೆ. ನಮ್ಮ ಸೇನಾ ಕಾಯ್ದೆಯಲ್ಲಿ ಆ ದಾರಿಯೂ ಇಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಇದು ಸರಿಯಾಗಿಯೇ ಇದೆ. ಯಾವ ಯುದ್ಧ ಮಾಡಬೇಕು ಎಂದು ಬಂದೂಕು ಹಿಡಿದವರು ತೀರ್ಮಾನಿಸುವ ದೇಶ ಹೇಗಿರುತ್ತದೆ ಎಂದು ನಮ್ಮ ಅಕ್ಕಪಕ್ಕ ನೋಡಿದರೆ ಗೊತ್ತಾಗುತ್ತದೆ. 'ಈ ಯುದ್ಧಕ್ಕೆ ಹೋಗಲ್ಲ' ಎನ್ನುವ ಹಕ್ಕು ಕೊಟ್ಟರೆ 'ಈ ಯುದ್ಧ ಮಾಡೇ ಮಾಡ್ತೀನಿ' ಎನ್ನುವವನನ್ನೂ ತಡೆಯಲಾಗುವುದಿಲ್ಲ. ಆದರೆ ಇದಕ್ಕೆ ಇನ್ನೊಂದು ಮುಖ ಇದೆ. ಕಾರಣವನ್ನು ಕೇಳುವುದಿಲ್ಲ ಎಂದ ಮೇಲೆ, ಉಳಿದದ್ದನ್ನೆಲ್ಲ ಕೂದಲು ಸೀಳಿದ ಹಾಗೆ ಕೇಳಬೇಕು. ಯಾರು ವಿಚಾರಿಸುತ್ತಾರೆ, ಅವರಿಗೂ ಆರೋಪಿಗೂ ಏನಾದರೂ ಹಗೆ ಇದೆಯಾ, ಕಾಗದ ಸರಿ ಇದೆಯಾ, ಶಿಕ್ಷೆ ಅಳತೆ ಮೀರಿದೆಯಾ. ಅವನ ಪಾಲಿಗೆ ಉಳಿದಿರುವುದೇ ಅಷ್ಟು. ಅದಕ್ಕೇ ವಟಾಡ ನಿಯಮದಿಂದ ಗೆದ್ದದ್ದು ನನಗೆ ಸಣ್ಣ ಗೆಲುವು ಅನ್ನಿಸುವುದಿಲ್ಲ.

ನಮ್ಮ ದೇಶಕ್ಕೆ ಬರೋಣ. 'ಹೊರಡುವುದಿಲ್ಲ' ಎಂದದ್ದಕ್ಕೆ ನಮ್ಮಲ್ಲಿ ಹಳೆಯ, ರಕ್ತದ ಉದಾಹರಣೆ 1824ರದು. ಕಲ್ಕತ್ತದ ಹತ್ತಿರದ ಬ್ಯಾರಕ್‌ಪುರದಲ್ಲಿ 47ನೇ ಬಂಗಾಳ ನೇಟಿವ್ ಇನ್‌ಫ್ಯಾಂಟ್ರಿಯ ಸಿಪಾಯಿಗಳಿಗೆ ಬರ್ಮಾ ಯುದ್ಧಕ್ಕೆ ಹೊರಡುವ ಆಜ್ಞೆ ಬಂತು. ಸಾಮಾನು ಹೊರಲು ಎತ್ತು ಸಿಗಲಿಲ್ಲ, ಕೊಂಡುಕೊಳ್ಳಲು ಅವರ ಹತ್ತಿರ ದುಡ್ಡಿಲ್ಲ. ಸಮುದ್ರ ದಾಟಿಸಿ ಜಾತಿ ಕೆಡಿಸುತ್ತಾರೆ ಎಂಬ ಭಯ ಬೇರೆ. ಎತ್ತು ಕೊಡಿ, ಭತ್ಯೆ ಕೊಡಿ ಎಂದರು. ಸೇನಾಪತಿ ಎಡ್ವರ್ಡ್ ಪ್ಯಾಜೆಟ್ ನವೆಂಬರ್ 2ರಂದು ಪರೇಡ್ ಮೈದಾನದಲ್ಲೇ ಅವರ ಮೇಲೆ ಫಿರಂಗಿ ಹಾರಿಸಿದ. ಓಡಿದವರು ಹೂಗ್ಲಿ ನದಿಗೆ ಬಿದ್ದರು. ಸಿಪಾಯಿಗಳ ಮುಂದಾಳು ಬಿಂದಿ ತಿವಾರಿಯನ್ನು ಗಲ್ಲಿಗೇರಿಸಿದರು. ಆ ರೆಜಿಮೆಂಟಿನ ಹೆಸರನ್ನೇ ಪಟ್ಟಿಯಿಂದ ಅಳಿಸಿದರು. ಮೊದಲು ಫಿರಂಗಿ, ವಿಚಾರಣೆ ಆಮೇಲೆ.

1930ಕ್ಕೆ ಬರುವಷ್ಟರಲ್ಲಿ ಅಷ್ಟಿಷ್ಟು ಬದಲಾಗಿತ್ತು. ಪೆಶಾವರದಲ್ಲಿ ನಿರಾಯುಧ ಜನರ ಮೇಲೆ ಗುಂಡು ಹಾರಿಸಲು ಚಂದ್ರ ಸಿಂಗ್ ಗಢವಾಲಿ ಮತ್ತು ಸಂಗಡಿಗರು ಒಪ್ಪಲಿಲ್ಲ. ಕೋರ್ಟ್ ಮಾರ್ಷಲ್ ನಡೆಯಿತು. ಬ್ಯಾರಿಸ್ಟರ್ ಮುಕುಂದಿ ಲಾಲ್ ಅವರ ಪರ ನಿಂತರು. ಚಂದ್ರ ಸಿಂಗ್‌ಗೆ ಜೀವಾವಧಿ ಶಿಕ್ಷೆ ಆಯಿತು, ಹೊರಬಂದದ್ದು 1941ರಲ್ಲಿ.

ಈಗಿನದು 1950ರ ಸೇನಾ ಕಾಯ್ದೆ. ಹೊರಡದೆ ಉಳಿದದ್ದಕ್ಕೆ ಅಂತಲೇ ಬೇರೆ ಸೆಕ್ಷನ್ ಇದರಲ್ಲಿಲ್ಲ. ಮೇಲಧಿಕಾರಿ ಖುದ್ದಾಗಿ ಕೊಟ್ಟ ಆಜ್ಞೆಯನ್ನು ಎದುರು ನಿಂತು ಧಿಕ್ಕರಿಸಿದರೆ 41ನೇ ಸೆಕ್ಷನ್, 14 ವರ್ಷದವರೆಗೆ ಜೈಲು. ಯುದ್ಧಸೇವೆಗೆ ಹೊರಡುವ ಆಜ್ಞೆ ಬಂದ ಮೇಲೆ ಸೇನೆ ಬಿಟ್ಟು ಓಡಿಹೋದರೆ 38ನೇ ಸೆಕ್ಷನ್, ಮರಣದಂಡನೆಯವರೆಗೂ ಹೋಗಬಹುದು. ನಮ್ಮ ವಟಾಡ ಓಡಿಹೋಗಿಲ್ಲ, ಬ್ಯಾರಕ್ಕಿನಲ್ಲೇ ಕೂತಿದ್ದಾನೆ. ಹಾಗಾಗಿ ಅವನಿಗೆ 41.

ಅಧಿಕಾರಿಯಾದರೆ ಜನರಲ್ ಕೋರ್ಟ್ ಮಾರ್ಷಲ್. ಕನಿಷ್ಠ ಐದು ಅಧಿಕಾರಿಗಳು, ಜೊತೆಗೆ ಕಾನೂನು ಹೇಳಲು ಜಡ್ಜ್ ಅಡ್ವೊಕೇಟ್. ಇಲ್ಲಿ ನನಗೆ ತುಂಬಾ ಇಷ್ಟವಾದ ಒಂದು ನಿಯಮ ಇದೆ. ತಪ್ಪಿತಸ್ಥ ಹೌದೋ ಅಲ್ಲವೋ ಎಂದು ಸದಸ್ಯರು ಬಾಯಿಬಿಟ್ಟು ಹೇಳಬೇಕು, ಮೊದಲು ಹೇಳುವವನು ಎಲ್ಲರಿಗಿಂತ ಕಿರಿಯ ಹುದ್ದೆಯವನು. ಬ್ರಿಗೇಡಿಯರ್ ಮೊದಲು ಹೇಳಿಬಿಟ್ಟರೆ ಕ್ಯಾಪ್ಟನ್ ಇನ್ನೇನು ಹೇಳುತ್ತಾನೆ? ಮತ ಸಮಸಮ ಆದರೆ ಲಾಭ ಆರೋಪಿಗೆ. ಒಳ್ಳೆಯದೇ. ಆದರೆ ತೀರ್ಪು ಬಂದ ತಕ್ಷಣ ಅದು ತೀರ್ಪಲ್ಲ. ಮೇಲಿನ ಅಧಿಕಾರಿ ಅದನ್ನು ದೃಢಪಡಿಸಬೇಕು. ಅವರಿಗೆ ಹಿಡಿಸದಿದ್ದರೆ ಒಂದು ಸಲ 'ಮತ್ತೆ ಯೋಚಿಸಿ' ಎಂದು ವಾಪಸ್ ಕಳಿಸಬಹುದು. ಬಿಡುಗಡೆ ಮಾಡಿದ ತೀರ್ಪನ್ನೂ ಕಳಿಸಬಹುದು! ಐದು ಜನ ತಲೆ ಕೆಡಿಸಿಕೊಂಡು ನಿರಪರಾಧಿ ಎಂದ ಮೇಲೆ ಮೇಲಿನಿಂದ ಹಾಗೊಂದು ಕಾಗದ ಬಂದರೆ ಆ ಕಿರಿಯ ಕ್ಯಾಪ್ಟನ್‌ಗೆ ಏನನ್ನಿಸುತ್ತದೆ ಹೇಳಿ. ಈ ನಿಯಮ ಇನ್ನೂ ಪುಸ್ತಕದಲ್ಲಿ ಇರುವುದು ನನಗೆ ಸರಿ ಕಾಣುವುದಿಲ್ಲ.

ಮೇಲ್ಮನವಿಗೆ ಜಾಗವೇ ಇಲ್ಲದಿರುವುದು ದೊಡ್ಡ ಕೊರತೆ ಎಂದು ಸುಪ್ರೀಂ ಕೋರ್ಟ್ 1982ರಲ್ಲಿ ಹೇಳಿತು. ಆ ಮೇಲ್ಮನವಿ ಕೇಳುವ ಸೇನಾ ನ್ಯಾಯಮಂಡಳಿಯ ಕಾಯ್ದೆ ಬಂದದ್ದು 2007ರಲ್ಲಿ. ಅಷ್ಟು ನಿಧಾನ.

ಇನ್ನು ರಂಜಿತ್ ಠಾಕೂರ್ ಕೇಸು. ಅವನು ಅಧಿಕಾರಿಯಲ್ಲ, ಸಿಗ್ನಲ್‌ಮನ್, ಅಂದರೆ ಸಂಪರ್ಕ ವಿಭಾಗದ ಸಿಪಾಯಿ. ತನಗಾದ ಅನ್ಯಾಯದ ಬಗ್ಗೆ ಸಿ.ಓ., ಅಂದರೆ ತುಕಡಿಯ ಮುಖ್ಯಾಧಿಕಾರಿ ಸಾಹೇಬರನ್ನು ದಾಟಿ ನೇರ ಮೇಲಿನವರಿಗೆ ಬರೆದ. ಅದಕ್ಕೆ 28 ದಿನದ ಸಜೆ ಆಯಿತು. ಅದನ್ನು ಅನುಭವಿಸುತ್ತಿರುವಾಗ, 1985ರ ಮೇ 29ರಂದು, 'ಊಟ ಮಾಡು' ಎಂದು ಆಜ್ಞೆ ಆಯಿತು. ಅವನು ಮಾಡಲಿಲ್ಲ. 41ನೇ ಸೆಕ್ಷನ್! ಮಾರನೇ ದಿನವೇ ಸಮ್ಮರಿ, ಅಂದರೆ ತ್ವರಿತ, ಕೋರ್ಟ್ ಮಾರ್ಷಲ್. ಯಾರ ವಿರುದ್ಧ ದೂರು ಕೊಟ್ಟಿದ್ದನೋ ಆ ಅಧಿಕಾರಿಯೇ ಅಲ್ಲಿ ಕೂತಿದ್ದರು. ಇವರು ನಿನ್ನ ವಿಚಾರಣೆ ಮಾಡುವುದಕ್ಕೆ ಆಕ್ಷೇಪ ಇದೆಯಾ ಎಂದು ಆರೋಪಿಯನ್ನು ಕೇಳಬೇಕೆಂಬ ನಿಯಮವನ್ನೂ ಪಾಲಿಸಲಿಲ್ಲ. ಒಂದು ವರ್ಷ ಕಠಿಣ ಸಜೆ, ವಜಾ. 1987ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಕಿತ್ತುಹಾಕಿತು. ಆ ತೀರ್ಪು ಬರೆದವರು ನಮ್ಮ ಕರ್ನಾಟಕದ ಎಂ.ಎನ್. ವೆಂಕಟಾಚಲಯ್ಯ. ದ್ವೇಷ ಇರುವವನು ನ್ಯಾಯ ಹೇಳಕೂಡದು, ಶಿಕ್ಷೆ ತಪ್ಪಿನ ಅಳತೆಗೆ ತಕ್ಕ ಹಾಗಿರಬೇಕು, ಇಲ್ಲದಿದ್ದರೆ ನಾವು ಕೈ ಹಾಕುತ್ತೇವೆ ಎಂದರು. ನಮ್ಮ ಊರಿನ ಯಾವ ಇಲಾಖೆಯ ನೌಕರನ ವಜಾ ಕೇಸಿನಲ್ಲೂ ವಕೀಲರು ಇವತ್ತಿಗೂ ಈ ತೀರ್ಪನ್ನು ತೆಗೆದಿಡುತ್ತಾರೆ. ಒಂದು ಹೊತ್ತು ಊಟ ಬಿಟ್ಟ ಸಿಪಾಯಿಯ ಋಣ ನಮ್ಮ ಗುಮಾಸ್ತರ ಮೇಲೂ ಇದೆ.

ಸಾಕು, ಪ್ರಶ್ನೆಗಳಿಗೆ ಬರೋಣ.

(ಮುಂದಿನ ಸಾಲಿನಲ್ಲಿ ಕೂತಿದ್ದ ನಿವೃತ್ತ ಸುಬೇದಾರರೊಬ್ಬರು ಕೇಳಿದರು: "ಸಾರ್, ಮೊನ್ನೆ ಪೇಪರಿನಲ್ಲಿ ಬಂದಿತ್ತಲ್ಲ, ರೆಜಿಮೆಂಟಿನ ಗುಡಿಯ ಗರ್ಭಗುಡಿಗೆ ಬರಲ್ಲ ಎಂದ ಲೆಫ್ಟಿನೆಂಟ್. ಅವರಿಗೆ ಕೋರ್ಟ್ ಮಾರ್ಷಲ್ಲೇ ಆಗಲಿಲ್ಲವಂತೆ?")

ಆಗಲಿಲ್ಲ, ಸುಬೇದಾರ್ ಸಾಹೇಬ್ರೇ. ಸ್ಯಾಮ್ಯುಯೆಲ್ ಕಮಲೇಶನ್ ಕೇಸು ಅದು. ತಾನು ಕ್ರೈಸ್ತ, ಗರ್ಭಗುಡಿಯೊಳಗೆ ಬಂದು ಪೂಜೆಯಲ್ಲಿ ಭಾಗಿಯಾಗಲಾರೆ ಎಂದರು. 2021ರಲ್ಲಿ ವಜಾ ಮಾಡಿದರು. 19ನೇ ಸೆಕ್ಷನ್ ಪ್ರಕಾರ ಕೇಂದ್ರ ಸರ್ಕಾರ ಕೋರ್ಟ್ ಮಾರ್ಷಲ್ ಇಲ್ಲದೆಯೇ ಅಧಿಕಾರಿಯನ್ನು ತೆಗೆಯಬಹುದು. ಧರ್ಮದ ವಿಷಯ ಸೂಕ್ಷ್ಮ, ವಿಚಾರಣೆ ನಡೆಸುವುದು ಸೂಕ್ತವಲ್ಲ ಎಂಬ ಕಾರಣ ಕೊಟ್ಟರು. 2025ರಲ್ಲಿ ದೆಹಲಿ ಹೈಕೋರ್ಟ್ ಒಪ್ಪಿತು, ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟೂ ಮಧ್ಯೆ ಬರಲಿಲ್ಲ. ಆಜ್ಞೆ ಪಾಲಿಸಬೇಕಿತ್ತೋ ಇಲ್ಲವೋ ಎಂಬುದರಲ್ಲಿ ನಿಮ್ಮದೂ ನನ್ನದೂ ಬೇರೆಬೇರೆ ಅಭಿಪ್ರಾಯ ಇರಬಹುದು. ನನ್ನ ತಕರಾರು ಇನ್ನೊಂದು. ವಿಷಯ ಸೂಕ್ಷ್ಮವಾದಷ್ಟೂ ವಿಚಾರಣೆ ಬೇಕು. ನೋಟಿಸು, ಉತ್ತರ, ವಜಾ ಎಂದರೆ ಆ ಐದು ಜನ ಎದುರಿಗೆ ಕೂತು ಕೇಳುವುದೇ ತಪ್ಪಿಹೋಯಿತು. ಕಾರಣ ಕೇಳದ ಕಾನೂನಿನಲ್ಲಿ ಅವನ ಪಾಲಿಗೆ ಉಳಿದದ್ದು ಅದೊಂದೇ ಎಂದು ಆಗಲೇ ಹೇಳಿದೆನಲ್ಲ.

(ಕಾನೂನು ವಿದ್ಯಾರ್ಥಿನಿಯೊಬ್ಬಳು: "ಇಷ್ಟೆಲ್ಲ ರಾದ್ಧಾಂತ ಯಾಕೆ ಸರ್? ರಾಜೀನಾಮೆ ಕೊಟ್ಟು ಮನೆಗೆ ಬರಬಹುದಲ್ವಾ?")

ಬ್ಯಾಂಕಿನ ಕೆಲಸ ಆಗಿದ್ದರೆ ಬರಬಹುದಿತ್ತಮ್ಮ. ಸೇನೆಯಲ್ಲಿ ರಾಜೀನಾಮೆ ಕೊಡುವುದು ಒಂದು ಕೋರಿಕೆ ಅಷ್ಟೇ. ಸರ್ಕಾರ ಒಪ್ಪುವವರೆಗೆ ನೀವು ಅಧಿಕಾರಿಯೇ, ಬಂದ ಆಜ್ಞೆ ಪಾಲಿಸಲೇಬೇಕು. ಯುದ್ಧದ ಹೊತ್ತಿನಲ್ಲಿ ಯಾರು ಒಪ್ಪುತ್ತಾರೆ? ವಟಾಡ ಅದನ್ನೂ ಮಾಡಿ ನೋಡಿದ್ದ. 2006ರ ಜನವರಿಯಲ್ಲೇ ರಾಜೀನಾಮೆ ಬರೆದುಕೊಟ್ಟಿದ್ದ, ತುಕಡಿ ಹೊರಡುವುದಕ್ಕೆ ಐದು ತಿಂಗಳು ಮುಂಚೆ. ಮೇ ತಿಂಗಳಲ್ಲಿ ಆಗುವುದಿಲ್ಲ ಎಂದು ವಾಪಸ್ ಬಂತು. ಮುಂದಿನ ತಿಂಗಳು ಬ್ರಿಗೇಡ್ ಹೊರಟಿತು.